ಎರಡು ಚೀಲ ತೊಟ್ಟಿನಲ್ಲಿ ಕಾಶಿಯಾತ್ರೆ

ಮನೆಯ ಖರ್ಚನ್ನು ಅರ್ಧಕ್ಕೆ ಇಳಿಸುವುದು ಬಹಳ ಸುಲಭದ ಕೆಲಸ. ಈ ಮಹಾಸತ್ಯ ನನಗೆ ಹೊಳೆದದ್ದು ಹೋದ ಸಂಕ್ರಾಂತಿಯ ಮರುದಿನ ಬೆಳಿಗ್ಗೆ, ಹಬ್ಬಕ್ಕೆ ಮಾಡಿ ಉಳಿದಿದ್ದ ಸಜ್ಜೆರೊಟ್ಟಿಯನ್ನು ಗಟ್ಟಿ ಮೊಸರಿನಲ್ಲಿ ಅದ್ದಿ ತಿನ್ನುತ್ತಿದ್ದಾಗ. ಹೊಟ್ಟೆ ತುಂಬಿದ ಗಂಡಸಿಗೆ ಮಿತವ್ಯಯದ ವಿಚಾರ ಬರುವಷ್ಟು ಸಲೀಸಾಗಿ ಬೇರೆ ಯಾರಿಗೂ ಬರುವುದಿಲ್ಲ.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಬಸವರಾಜ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ ಇಪ್ಪತ್ತು ವರ್ಷದಿಂದ ಸ್ಟೋರ್ ಕೀಪರ್. ಸಾವಿರಾರು ಚೀಲಗಳು ನನ್ನ ಕಣ್ಣಳತೆಯಲ್ಲಿ ಒಳಗೆ ಬರುತ್ತವೆ, ನನ್ನ ಸಹಿ ಬಿದ್ದ ಮೇಲೆ ಹೊರಗೆ ಹೋಗುತ್ತವೆ. ಇಂಥವನಿಗೆ ಮೂರು ಕೋಣೆಯ ಮನೆ ಯಾವ ಗಿಡದ ತೊಪ್ಪಲು!

ಮನೆಯಲ್ಲಿ ನಾವಿಬ್ಬರೇ. ಮಗಳು ಹಾವೇರಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹೆಂಡತಿ ಗಿರಿಜಾ. ನಮ್ಮ ಓಣಿ ಸ್ಟೇಷನ್ನಿಗೆ ಹತ್ತಿರ. ಮದುವೆಯಾಗಿ ಬಂದ ದಿನದಿಂದ ಇಪ್ಪತ್ತೆರಡು ವರ್ಷ ಅವಳು ರೈಲಿನ ಸದ್ದು ಕೇಳುತ್ತಲೇ ಇದ್ದಾಳೆ. ಯಾವ ಗಾಡಿ ತಡವಾಯಿತು, ಯಾವುದು ಹೊತ್ತಿಗೆ ಸರಿಯಾಗಿ ಬಂತು ಎಂದು ಹಿಟ್ಟು ನಾದುತ್ತಲೇ ಹೇಳುತ್ತಾಳೆ. ಆದರೆ ಹುಬ್ಬಳ್ಳಿಯ ಆಚೆಗೆ ಒಂದು ದಿನವೂ ರೈಲು ಹತ್ತಿ ಹೋದವಳಲ್ಲ. ಕರೆದುಕೊಂಡು ಹೋಗಬೇಕಾದವನು ಚೀಲ ನೋಡಿಕೊಳ್ಳುವುದರಲ್ಲಿದ್ದ.

ಆ ದಿನ ಬೆಳಿಗ್ಗೆ ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ ಮಾತು ತೆಗೆದಳು.

"ಏನ್ರಿ, ಶಾರದಕ್ಕನ ಭಜನಿ ಮಂದಿ ಎಲ್ಲಾ ಕೂಡಿ ಕಾಶಿಗೆ ಹೊಂಟಾರ. ಹನ್ನೆರಡು ದಿನ. ಗಂಡ ಹೆಂಡತಿ ಜೋಡಿಲೆ ಬರವ್ರೂ ಅದಾರ. ಎರಡು ತಿಂಗಳು ಮನಿ ಖರ್ಚಿನಾಗ ಒಂದೀಟು ಕೈ ಹಿಡಿದ್ರ ಒಂದು ಟಿಕೀಟಿನ ರೊಕ್ಕ ಆಕ್ಕೈತಿ ಅಂತ ನಾ ವಿಚಾರ ಮಾಡಾಕತ್ತೇನಿ."

ಅವಳು ಇನ್ನೂ ಏನೋ ಹೇಳುವವಳಿದ್ದಳು. ನಾನು ಮೊಸರಿನ ಕೈಯನ್ನೇ ಎತ್ತಿ ತಡೆದೆ. ಇಷ್ಟು ವರ್ಷ ಬಾಯಿಬಿಟ್ಟು ಏನೂ ಕೇಳದವಳು ಕೇಳಿದ್ದಾಳೆ! ನನ್ನ ಎದೆ ಉಬ್ಬಿತು.

"ಮುಂದ ಮಾತಾಡಬ್ಯಾಡ ಗಿರಿಜಾ. ಇವತ್ತಿನಿಂದ ಮನಿ ಖರ್ಚು ನನ್ನ ಕೈಯಾಗ. ನೀ ಕಾಶಿಗೆ ಹೋಗೂದು ಖರೇ, ನಾ ಕಳಸೂದು ಖರೇ!"

ಗಿರಿಜಾ ನನ್ನನ್ನು ಒಂದು ಗಳಿಗೆ ನೋಡಿದಳು. "ನೀವು ಮಾಡ್ತೀರಿ?" ಎಂದಳು. ಅದು ಪ್ರಶ್ನೆಯೋ ಮೆಚ್ಚುಗೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಮೆಚ್ಚುಗೆ ಎಂದು ತೆಗೆದುಕೊಂಡೆ.

"ಆತು ಬಿಡ್ರಿ. ನನಗೂ ಇನ್ನ ಮ್ಯಾಲ ಮಧ್ಯಾಹ್ನ ಪುರಸೊತ್ತು ಇರಂಗಿಲ್ಲ. ಶಾರದಕ್ಕನ ಮನಿಗೆ ಹೋಗೂದೈತಿ" ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು.

ಅಂದೇ ಹಳೆಯ ಬೀಜದ ಪೋಸ್ಟರೊಂದರ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಮಿತವ್ಯಯದ ಸೂತ್ರಗಳನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಕಾಯಿಪಲ್ಲೆಯನ್ನು ಮನೆಯಲ್ಲಿಯೇ ಬೆಳೆಯತಕ್ಕದ್ದು. ಕೊಳ್ಳಲೇಬೇಕಾದ ಪ್ರಸಂಗ ಬಂದರೆ ಅತಿ ಅಗ್ಗವಾದದ್ದನ್ನೇ ಕೊಳ್ಳತಕ್ಕದ್ದು. ಪುಕ್ಕಟೆ ಸಿಗುವ ಯಾವ ವಸ್ತುವನ್ನೂ ಬಿಡತಕ್ಕದ್ದಲ್ಲ. ಇವುಗಳ ಕೆಳಗೆ ಸಹಿ ಹಾಕಿ ಗೋದಾಮಿನ ಅಭ್ಯಾಸಬಲದಿಂದ ತಾರೀಖನ್ನೂ ಬರೆದೆ. ಗಿರಿಜಾ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಅಂಟು ಯಾವ ಹಿಟ್ಟಿಲೆ ಮಾಡಿದ್ರಿ?" ಎಂದಷ್ಟೇ ಕೇಳಿದಳು. ಮೈದಾ ಹಿಟ್ಟಿನ ಡಬ್ಬಿ ಅರ್ಧ ಖಾಲಿಯಾಗಿತ್ತು.

ಮೊದಲ ಸೂತ್ರದ ಪ್ರಕಾರ ಮಾಳಿಗೆಯ ಮೇಲೆ ತೋಟ ಮಾಡಲು ಹೊರಟೆ. ಬೀಜದ ಊರಿನವನು ಬೀಜ ಕೊಂಡರೆ ನಗೆಪಾಟಲು! ಗೋದಾಮಿನ ಹಿಂದಿನ ಮೂಲೆಯಲ್ಲಿ ಬೇಡವಾದ ಬೀಜದ ಪೊಟ್ಟಣಗಳು ಒಂದು ಬುಟ್ಟಿ ತುಂಬ ಬಿದ್ದಿದ್ದವು. ಮ್ಯಾನೇಜರರನ್ನು ಕೇಳಿ ಬೆಂಡೆ, ಟೊಮೆಟೊ, ಹೀರೆ, ಬದನೆ ಎಲ್ಲವನ್ನೂ ತಂದೆ. ಹೊಲದಿಂದ ಮಣ್ಣು ತರಿಸಿದೆ, ಡಬ್ಬಿ ಕೊಂಡೆ, ಗೊಬ್ಬರ ಕೊಂಡೆ, ನೀರು ಹಾಕಲು ಒಂದು ಚೆಂದದ ಜಾಲರಿ ಕೊಡವನ್ನೂ ಕೊಂಡೆ. ದಿನಾ ಬೆಳಿಗ್ಗೆ ಎದ್ದು ಹೋಗಿ ಮಣ್ಣನ್ನು ದಿಟ್ಟಿಸುತ್ತಿದ್ದೆ. ಹತ್ತು ದಿನ ಕಳೆಯಿತು. ಹದಿನೈದಾಯಿತು. ಮಣ್ಣು ನನ್ನನ್ನು ನೋಡುತ್ತಿತ್ತು, ನಾನು ಮಣ್ಣನ್ನು.

ಹದಿನಾರನೆಯ ದಿನ ಗಿರಿಜಾ ಬಟ್ಟೆ ಒಣಹಾಕಲು ಮೇಲೆ ಬಂದವಳು ಖಾಲಿ ಪೊಟ್ಟಣವೊಂದನ್ನು ಎತ್ತಿ ನೋಡಿದಳು. "ಅಲ್ರಿ, ಇದರ ಮ್ಯಾಲ ಕೆಂಪು ಶಿಕ್ಕಾ ಹೊಡದೈತಲ್ರಿ. ಏನಂತ ಬರದಾರ?"

ಚಾಳೀಸು ಹಾಕಿಕೊಂಡು ಓದಿದೆ. 'ಮೊಳಕೆ ಪರೀಕ್ಷೆಯಲ್ಲಿ ಅನುತ್ತೀರ್ಣ.' ಶಿಕ್ಕಾ ನನ್ನದು. ಕೆಳಗಿನ ಸಹಿಯೂ ನನ್ನದು!

ಗಿರಿಜಾ ನಗಲಿಲ್ಲ. ಅದೇ ಅವಳ ದೊಡ್ಡತನ. ಸಂಜೆ ನೋಡುತ್ತೇನೆ, ಆ ಡಬ್ಬಿಗಳಿಗೆಲ್ಲ ಅವಳು ಅಡುಗೆಮನೆಯ ಡಬ್ಬಿಯೊಳಗಿನ ಮೆಂತ್ಯೆಯ ಕಾಳನ್ನೂ ಕೊತ್ತಂಬರಿ ಬೀಜವನ್ನೂ ಚೆಲ್ಲಿದ್ದಳು. ವಾರದೊಳಗೆ ಹಸಿರು ಕಾಣಿಸಿತು, ತಿಂಗಳೊಳಗೆ ಸೊಪ್ಪು ಕೊಂಡು ತರುವುದು ನಿಂತಿತು. ನಾನು ಓಣಿಯಲ್ಲೆಲ್ಲ "ನಮ್ಮ ತೋಟದ ಮೆಂತ್ಯೆ" ಎಂದು ಹೇಳಿಕೊಂಡು ತಿರುಗಿದೆ.

ಎರಡನೆಯ ಸೂತ್ರ ಜಾರಿಗೆ ಬಂದದ್ದು ರವಿವಾರದ ಸಂತೆಯಲ್ಲಿ. ಸಂತೆ ಎದ್ದು ಹೋಗುವ ಹೊತ್ತಿಗೆ ಹೋದರೆ ಮಾಲು ಮಣ್ಣಿನ ಬೆಲೆಗೆ ಸಿಗುತ್ತದೆ ಎಂದು ಕೇಳಿದ್ದೆ. ಸಿಕ್ಕಿತು. ಒಂದು ಚೀಲ ಮುಳಗಾಯಿ, ಅಂದರೆ ಬದನೆಕಾಯಿ, ನಾನು ಹೇಳಿದ ಬೆಲೆಗೆ ಕೊಟ್ಟು ಆ ಮನುಷ್ಯ ಹಿಂದೆ ನೋಡದೆ ಹೋದ. ಹೆಗಲ ಮೇಲೆ ಹೊತ್ತುಕೊಂಡು ಬಂದೆ.

"ಎಂಟು ದಿನದ ಚಿಂತಿ ಹೋತು! ದಿನಾ ಎಣಗಾಯಿ ಮಾಡು" ಎಂದೆ.

"ಎಣಗಾಯಿಗೆ ಎಣ್ಣಿ ಎಷ್ಟು ಬೇಕು ಗೊತ್ತೈತೇನ್ರಿ? ಶೇಂಗಾ ಎಷ್ಟು ಬೇಕು? ಎಳ್ಳು, ಕೊಬ್ಬರಿ?"

ಗೊತ್ತಿರಲಿಲ್ಲ. ಐದು ದಿನಕ್ಕೆ ಗೊತ್ತಾಯಿತು. ಬದನೆಕಾಯಿ ಉಳಿದಿತ್ತು, ಎಣ್ಣೆಯ ಡಬ್ಬಿ ಮುಗಿದಿತ್ತು. ಆರನೆಯ ದಿನ ಗಿರಿಜಾ ಮಿಕ್ಕ ಬದನೆಯನ್ನೆಲ್ಲ ಸೀಳಿ, ಉಪ್ಪು ಹಚ್ಚಿ ಮಾಳಿಗೆಯ ಮೇಲೆ ಒಣಗಿಸಿದಳು. ನಾನಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದೆ. ಅವಳು ಒಂದು ಡಬ್ಬಿ ತುಂಬಿಟ್ಟಳು, ಮಳೆಗಾಲದವರೆಗೆ ಸಾರಿಗಾಯಿತು.

ಇದನ್ನೆಲ್ಲ ಈಗ ಬರೆಯುವಾಗ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಮಿತವ್ಯಯ ಎನ್ನುವುದು ಇಪ್ಪತ್ತೆರಡು ವರ್ಷದಿಂದ ನಡೆದೇ ಇತ್ತು, ಸೂತ್ರ ಅಂಟಿಸಿರಲಿಲ್ಲ ಅಷ್ಟೇ. ನಿನ್ನೆಯ ರೊಟ್ಟಿ ಇವತ್ತು ಬೆಳ್ಳುಳ್ಳಿ, ಖಾರ, ಎಣ್ಣೆ ಸೇರಿ ಮುಟಗಿಯಾಗುತ್ತಿತ್ತು. ನಾನು ಅದನ್ನು ವಿಶೇಷ ಅಡುಗೆ ಎಂದು ಚಪ್ಪರಿಸಿ ತಿನ್ನುತ್ತಿದ್ದೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಹಳೆಯ ಸೀರೆ ಕೌದಿಗೆ, ನನ್ನ ಹರಿದ ಪ್ಯಾಂಟು ಕಾಲೊರಸಿಗೆ. ಎಷ್ಟು ಸದ್ದಿಲ್ಲದೆ ಮಾಡುತ್ತಿದ್ದಳೆಂದರೆ ಮನೆ ತಾನಾಗಿಯೇ ನಡೆಯುತ್ತಿದೆ ಎಂದು ನಾನು ಭಾವಿಸಿದ್ದೆ. ಅಂಥವಳ ಕೈಯಿಂದ ಖರ್ಚು ಕಸಿದುಕೊಂಡ ನನ್ನ ಧೈರ್ಯಕ್ಕೆ ಈಗಲೂ ನನಗೇ ಆಶ್ಚರ್ಯವಾಗುತ್ತದೆ.

ನನ್ನ ಇಷ್ಟೆಲ್ಲ ಪರಾಕ್ರಮದ ನಡುವೆಯೂ ಫೆಬ್ರುವರಿ ಮುಗಿಯುವಾಗ ಕಾಶಿಯ ಟಿಕೆಟ್ಟಿಗೆ ಬೇಕಾದ ಹಣ ಬಹುತೇಕ ಕೂಡಿತ್ತು. ಹೇಗೆ ಕೂಡಿತು ಎಂದು ನಾನು ಕೇಳಲಿಲ್ಲ. ನನ್ನ ಸೂತ್ರಗಳಿಂದಲೇ ಎಂದು ತಿಳಿದು ಮೀಸೆಯ ಮೇಲೆ ಕೈ ಹಾಕಿಕೊಂಡೆ. ಇನ್ನೊಂದು ಸ್ವಲ್ಪ ಬೇಕು. ಹದಿನೈದು ದಿನ ಗೀಜರ್ ಬಂದ್ ಮಾಡಿದರೆ ಆಯಿತು! ಹಿತ್ತಲ ಬಚ್ಚಲಿನಲ್ಲಿ ನಮ್ಮವ್ವನ ಕಾಲದ ಹಂಡೆ, ಒಲೆ ಎರಡೂ ಇದ್ದವು. ಉರಿಸಲು ಪುಕ್ಕಟೆ ಏನಾದರೂ ಸಿಕ್ಕರೆ ಸಾಕು.

ಆ ವಾರವೇ ಕಂಪನಿಯ ಕೆಲಸಕ್ಕೆ ಬ್ಯಾಡಗಿಗೆ ಹೋದೆ. ಅದು ಮೆಣಸಿನಕಾಯಿಯ ಸುಗ್ಗಿ. ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪಕ್ಕದಲ್ಲಿ ಒಣಗಿದ ತೊಟ್ಟಿನ ರಾಶಿ ನನ್ನ ಎದೆಯೆತ್ತರ ಬಿದ್ದಿತ್ತು. ಗರಿಗರಿ! ಹಗುರ! ಮೂರನೆಯ ಸೂತ್ರ ಕಣ್ಣ ಮುಂದೆ ಬಂದು ನಿಂತಿತು.

"ಇದನ್ನ ಏನ್ ಮಾಡ್ತೀರವ್ವಾ?" ಎಂದು ಅಂಚಿಗೆ ಕುಳಿತಿದ್ದ ಹಿರಿಯ ಹೆಂಗಸನ್ನು ಕೇಳಿದೆ.

"ಹೊರಗ ಹಾಕ್ತಾರ್ರಿ. ನಿಮಗ್ಯಾಕ ಬೇಕಾತ್ರಿ?"

"ಒಲಿಗೆ."

ಆಕೆಯ ಕೈ ನಿಂತಿತು. ಇಡೀ ಸಾಲಿನ ಕೈಗಳು ನಿಂತವು. "ಒಲಿಗೇನ್ರಿ? ಯಪ್ಪಾ, ಬ್ಯಾಡ್ರಿ! ಇದರಾಗ ಬೀಜ ಐತಿ, ಮುರಕ ಕಾಯಿ ಐತಿ, ಆಂಧ್ರದ ಖಾರ ಕಾಯೀನೂ ಕೂಡೇತಿ. ಯಾರೂ ಉರಸಂಗಿಲ್ರಿ ಇದನ್ನ."

ಹುಟ್ಟಿದಾಗಿನಿಂದ ಮೆಣಸಿನಕಾಯಿಯ ನಡುವೆಯೇ ಇದ್ದ ಹೆಂಗಸು ಹೇಳಿದ್ದು. ಸ್ಟೋರ್ ಕೀಪರ್ ಕೇಳಬೇಕಲ್ಲ! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ. ಕಾಯಿಗೇ ಇಲ್ಲದ ಖಾರ ತೊಟ್ಟಿಗೆ ಎಲ್ಲಿಂದ ಬರಬೇಕು ಎಂದು ಆಕೆಗೇ ತಿಳಿಸಿ ಹೇಳಿದೆ. ವ್ಯಾಪಾರಿ ನಗುತ್ತ ಎರಡು ಚೀಲ ತುಂಬಿಸಿಕೊಟ್ಟರು.

ಬಸ್ಸಿನಲ್ಲಿ ಚೀಲಗಳನ್ನು ಹಿಂದಿನ ಸೀಟಿನ ಬಳಿ ಇಟ್ಟೆ. ಬಸ್ಸು ಹೊರಟು ಗಾಳಿಯಾಡಿದ್ದೇ ತಡ, ಹಿಂದಿನ ಸೀಟಿನವರು ಸೀನಿದರು. ಆಮೇಲೆ ಅದರ ಮುಂದಿನವರು. ಸೀನು ಸೀಟಿನಿಂದ ಸೀಟಿಗೆ ಮುಂದೆ ಹೋಗುತ್ತ ಡ್ರೈವರನ ಬಳಿ ಬರುವ ಹೊತ್ತಿಗೆ ಕಂಡಕ್ಟರ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನನ್ನ ಮುಂದೆ ನಿಂತಿದ್ದ.

"ಯಜಮಾನ್ರ, ಡ್ರೈವರ್ ಸೀನಿದ್ರ ಬಸ್ಸು ಗಟಾರದಾಗ ಹೋಕ್ಕೈತಿ. ಇಳೀರಿ."

ಮೋಟೆಬೆನ್ನೂರಿನಲ್ಲಿ ಇಳಿಸಿಯೇಬಿಟ್ಟ. ಹೆದ್ದಾರಿಯ ಬದಿಯಲ್ಲಿ ಚೀಲಗಳ ನಡುವೆ ಒಂದು ತಾಸು ನಿಂತೆ. ಕೊನೆಗೆ ಒಂದು ಗೂಡ್ಸ್ ಆಟೋದವನು ಕೇಳಿದಷ್ಟು ಕೊಡುತ್ತೇನೆಂದು ನಾನು ಒಪ್ಪಿದ ಮೇಲೆ ಹತ್ತಿಸಿಕೊಂಡ. ಆ ಬಾಡಿಗೆಯಲ್ಲಿ ಒಂದು ತಿಂಗಳು ಗೀಜರ್ ಉರಿಯುತ್ತಿತ್ತು. ಆದರೆ ಅದು ಸಾಗಾಣಿಕೆಯ ಖರ್ಚು, ಮನೆಯ ಖರ್ಚಲ್ಲ ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡೆ.

ಗಿರಿಜಾ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದಳು. "ನನ್ನರ ಕಳಸಿದ್ರ ಬಸ್ ಚಾರ್ಜರ ಉಳೀತಿತ್ತು. ಹೆಣಮಕ್ಕಳಿಗೆ ಪುಕ್ಕಟ ಐತಿ. ಏನ್ರಿ ಇದು?"

"ಇಂಧನ!"

"ಮೆಣಸಿನ ತೊಟ್ಟು ಒಲಿಗೆ ಹಾಕೂದು ಎಲ್ಲ್ಯರ ಕೇಳೀರೇನ್ರಿ?"

"ಬ್ಯಾಡಗಿ ಮೆಣಸಿನಕಾಯಿಗೆ ಖಾರ ಇಲ್ಲ ಅನ್ನೂದು ಜಗತ್ತಿಗೇ ಗೊತ್ತೈತಿ."

"ಜಗತ್ತು ತಿಂದು ನೋಡೇತಿ. ಸುಟ್ಟು ನೋಡಿಲ್ಲ" ಎಂದಳು ಗಿರಿಜಾ. "ನಾ ಮನ್ಯಾಗ ಇಲ್ಲದಾಗ ಮಾತ್ರ ಹಚ್ಚಬ್ಯಾಡ್ರಿ."

ರವಿವಾರ ಬೆಳಿಗ್ಗೆ ಅವಳು ಶಾರದಕ್ಕನ ಮನೆಗೆ ಹೋದಳು. ಆಗಲೇ ಹಚ್ಚಿದೆ.

ಇಲ್ಲಿ ನಮ್ಮ ನೆರೆಮನೆಯ ಹಸನಸಾಬರ ವಿಚಾರ ಹೇಳಬೇಕು. ಗಾದಿ ಮಾಡುವುದು ಅವರ ಮನೆತನದ ಕಸುಬು. ಅವರು ಹತ್ತಿ ತುಂಬಿ ಹೊಲಿದ ಗಾದಿಯ ಮೇಲೆ ಮಲಗಿದವರು ಬೇರೆ ಗಾದಿಯ ಮೇಲೆ ಮಲಗಲಾರರು. ಐರಣಿಯ ರೈತರೊಬ್ಬರು ಮಗಳ ಮದುವೆಗೆಂದು ಆರು ಗಾದಿ, ಹನ್ನೆರಡು ತಲೆದಿಂಬು ಹೇಳಿದ್ದರು. ಗುರುವಾರ ಮದುವೆ. ಅದಕ್ಕಾಗಿ ಹಿಂಜಿದ ಹತ್ತಿಯನ್ನೆಲ್ಲ ಹಸನಸಾಬರು ಆ ದಿನ ಬೆಳಿಗ್ಗೆ ತಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದರು. ಅವರ ಮಾಳಿಗೆಗೂ ನಮ್ಮ ಬಚ್ಚಲಿನ ಹೊಗೆಗಿಂಡಿಗೂ ನಡುವೆ ಒಂದು ಮಾರು ಜಾಗವಿತ್ತು.

ಒಂದು ಬುಟ್ಟಿ ತೊಟ್ಟು ತುಂಬಿ ಕಡ್ಡಿ ಗೀರಿದೆ. ಉರಿ ಹತ್ತಲಿಲ್ಲ. ಇನ್ನೊಂದು ಬುಟ್ಟಿ ಸುರಿದೆ. ಹತ್ತಲಿಲ್ಲ. ಬಗ್ಗಿ ಊದುಗೊಳವೆಯಿಂದ ಜೋರಾಗಿ ಊದಿದೆ, ಮತ್ತೆ ಊದಲು ಉಸಿರು ಒಳಗೆಳೆದುಕೊಂಡೆ. ಅದೇ ನಾನು ಆ ದಿನ ನೆಟ್ಟಗೆ ತೆಗೆದುಕೊಂಡ ಕೊನೆಯ ಉಸಿರು!

ಘಾಟು ಎಂದರೆ ಏನು ಎಂದು ನನಗೆ ಐವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಕಣ್ಣು ಮುಚ್ಚಿದರೂ ಉರಿ, ತೆರೆದರೂ ಉರಿ. ಹಂಡೆಯ ನೀರು ಮುಖಕ್ಕೆ ಎರಚಿಕೊಂಡು ಹೊರಗೆ ಓಡುವಾಗ ಬಾಗಿಲೆಂದು ಗೋಡೆಗೆ ಹಾಯ್ದೆ. ಅಷ್ಟರಲ್ಲಿ ಹೊಗೆ ಗಿಂಡಿಯಿಂದ ಹೊರಬಿದ್ದು ಓಣಿಯ ಸಂಚಾರಕ್ಕೆ ಹೊರಟಿತ್ತು. ಮೂರು ಮನೆ ಆಚೆ ಶಾರದಕ್ಕನ ಮನೆಯಿಂದ ಕೇಳಿ ಬರುತ್ತಿದ್ದ ಭಜನೆ ಥಟ್ಟನೆ ನಿಂತು ಒಕ್ಕೊರಲಿನ ಕೆಮ್ಮು ಶುರುವಾಯಿತು. ಹಾಲಿನವನು ಕ್ಯಾನು ಬಿಟ್ಟು ಓಡಿದ. ಒಬ್ಬೊಬ್ಬರೇ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಯಾರ ಮನೆಯಲ್ಲಿ ಯಾರು ಹೋದರು ಎಂದು ದಾರಿಹೋಕರು ನಿಂತು ವಿಚಾರಿಸತೊಡಗಿದರು.

"ಯಾರ ಮನಿದ್ರಿ ಇದು?" ಎಂದು ಯಾರೋ ಕೂಗಿದರು.

"ಯಾರದೋ ಏನೋ!" ಎಂದು ನಾನೂ ಕೂಗಿದೆ. ಆದರೆ ಕೈಯಲ್ಲಿ ಊದುಗೊಳವೆ ಇತ್ತು.

ಗಿರಿಜಾ ಸೆರಗನ್ನು ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಓಡಿ ಬಂದಳು. ನನ್ನನ್ನು ನೋಡಲೂ ಇಲ್ಲ. ನೇರ ಬಚ್ಚಲಿಗೆ ನುಗ್ಗಿ ಎರಡು ಕೊಡ ನೀರು ಸುರಿದು, ಒದ್ದೆ ಗೋಣಿಚೀಲ ಒಲೆಯ ಬಾಯಿಗೆ ತುರುಕಿ ಹೊರಗೆ ಬಂದಳು. ಐದು ನಿಮಿಷ. ಅಷ್ಟು ಹೊತ್ತೂ ನಾವು ಹತ್ತು ಮಂದಿ ಗಂಡಸರು ಯಾರನ್ನು ಕರೆಯಬೇಕು ಎಂದು ಚರ್ಚೆ ಮಾಡುತ್ತಿದ್ದೆವು.

ಹೊಗೆ ಇಳಿದ ಮೇಲೆ ಹಸನಸಾಬರು ಮಾಳಿಗೆ ಹತ್ತಿದರು. ಕೆಳಗೆ ಇಳಿದು ಬಂದಾಗ ಅವರ ಕೈಯಲ್ಲಿ ಒಂದು ಹಿಡಿ ಹತ್ತಿ ಇತ್ತು, ಕಣ್ಣಲ್ಲಿ ನೀರು. ಆ ನೀರು ಘಾಟಿನದೋ ದುಃಖದ್ದೋ ಹೇಳಲಾಗದು.

"ಬಸಣ್ಣಾರ, ಮೂಸಿ ನೋಡ್ರಿ."

ಮೂಸಿದೆ. ಏಳು ಸಲ ಸೀನಿದೆ.

"ಹತ್ತಿ ಎಲ್ಲಾ ಹೀರಿಕೊಂಡು ಬಿಟ್ಟೈತ್ರಿ. ಇನ್ನ ಇದು ಗಾದಿಗೆ ಬರಂಗಿಲ್ಲ" ಎಂದು ಕಟ್ಟೆಯ ಮೇಲೆ ಕುಳಿತರು.

ಸಾಲದ್ದಕ್ಕೆ ಐರಣಿಯ ಆ ಹೆಣ್ಣಿನ ತಂದೆ ಮಧ್ಯಾಹ್ನವೇ ಮಾಲು ನೋಡಲು ಬಂದರು. ಹತ್ತಿಯನ್ನು ಮುಖದ ಹತ್ತಿರ ತಂದು, ಸೀನಿ, ತಲೆಯ ಪಟಕಾ ಸರಿಪಡಿಸಿಕೊಂಡು ಕೇಳಿದರು: "ಹಸನಸಾಬ, ನನ್ನ ಮಗಳು ಅತ್ತಿ ಮನಿಗೆ ಹೋಗಿ ಬಾಳೇವು ಮಾಡಬೇಕೋ, ಸೀನಕೋಂತ ಕುಂದ್ರಬೇಕೋ?"

ಹಸನಸಾಬರು ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. "ಗುರುವಾರದೊಳಗ ಹೊಸಾ ಹತ್ತಿ ತಂದು ಮಾಡಿಕೊಡ್ತೇನ್ರಿ ಗೌಡ್ರ, ಚಿಂತಿ ಮಾಡಬ್ಯಾಡ್ರಿ" ಎಂದರು. ಒಳಗಿನಿಂದ ಅವರ ಹೆಂಡತಿ ಮೆಹಬೂಬಿ, ಹೊಸ ಹತ್ತಿಗೆ ಹಣ ಎಲ್ಲಿಂದ ಎಂಬಂತೆ ಅವರನ್ನೇ ನೋಡುತ್ತಿದ್ದಳು. ಆ ನೋಟ ನನಗೂ ಕಂಡಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮನೆಗೆ ಬಂದು ಕಾಶಿಯ ಹಣವನ್ನು ತೆಗೆದೆ. ಗಿರಿಜಾಳ ಮುಖ ನೋಡುವ ಧೈರ್ಯವಾಗದೆ ಹಣವನ್ನೇ ನೋಡುತ್ತ ಹೇಳಿದೆ: "ಗಿರಿಜಾ, ಹಸನಸಾಬರಿಗೆ ಹೊಸಾ ಹತ್ತಿ ಕೊಡಿಸಬೇಕು. ನಿನ್ನ ಕಾಶಿ ಹೋತು. ತಪ್ಪಾತು ನನ್ನಿಂದ."

"ಕೊಡ್ರಿ ಲಗೂ. ಅವರದು ಮದುವಿ ಕೆಲಸ" ಎಂದಳು. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಮೂರು ದಿನ ಅವಳೂ ಮೆಹಬೂಬಿಯೂ ಕೂಡಿ ತಲೆದಿಂಬು ಹೊಲಿದರು. ನನ್ನನ್ನು ಹತ್ತಿ ಹೊರುವುದಕ್ಕೆ ಮಾತ್ರ ಬಳಸಿಕೊಂಡರು. ಬುಧವಾರ ಸಂಜೆ ಆರು ಗಾದಿಗಳು ಟೆಂಪೋ ಏರಿ ಐರಣಿಗೆ ಹೋದವು. ಘಾಟು ಹಿಡಿದ ಹತ್ತಿ ನಮ್ಮ ಪಾಲಿಗೆ ಬಂತು. ಅದನ್ನು ಎಲ್ಲಿ ಎಸೆಯಲಿ ಎಂದು ಕೇಳಿದರೆ ಗಿರಿಜಾ ನನ್ನ ಕೈಯಿಂದ ಕಸಿದುಕೊಂಡಳು. ಹಳೆಯ ಧೋತರದ ತುಂಡುಗಳಲ್ಲಿ ಗಂಟು ಕಟ್ಟಿ ಜೋಳದ ಚೀಲ, ತೊಗರಿಯ ಡಬ್ಬಿ, ಕಡಲೆಯ ಗಡಿಗೆಗಳ ಸುತ್ತಮುತ್ತ ಇಟ್ಟಳು. ಆ ವರ್ಷ ನಮ್ಮ ಕಾಳಿಗೆ ಒಂದು ನುಸಿಯೂ ಹತ್ತಲಿಲ್ಲ. ಓಣಿಯ ಹೆಂಗಸರು ಬಂದು ಒಂದೊಂದು ಗಂಟು ಕೇಳಿಕೊಂಡು ಹೋದರು. ನಾನು ಸುಟ್ಟಿದ್ದರಲ್ಲೂ ಈ ಹೆಂಗಸು ಲಾಭ ತೆಗೆದಳಲ್ಲ ಎಂದು ಬಾಗಿಲಲ್ಲಿ ನಿಂತು ನೋಡಿದೆ. ಇಂಥವಳನ್ನು ನಮ್ಮ ಕಂಪನಿಯವರು ಇಟ್ಟುಕೊಂಡಿದ್ದರೆ ಎಂದೋ ಉದ್ಧಾರವಾಗುತ್ತಿದ್ದರು.

ಅವಳ ಟಿಕೆಟ್ಟು ಹೋದದ್ದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ಸೈಕಲ್ ಮಾರಲೇ, ಸಂಬಳದಲ್ಲಿ ಮುಂಗಡ ಕೇಳಲೇ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಶಾರದಕ್ಕನ ಮನೆಗೇ ಹೋದೆ. ಹಣ ಕೊಡಲು ಹದಿನೈದು ದಿನದ ವಾಯಿದೆ ಕೇಳುವುದು ನನ್ನ ಉದ್ದೇಶ.

ಬಾಗಿಲು ತೆರೆದ ಶಾರದಕ್ಕ ನನ್ನ ಅರ್ಜಿಯನ್ನು ಪೂರ್ತಿ ಕೇಳಿ ಗಲ್ಲಕ್ಕೆ ಕೈಯಿಟ್ಟುಕೊಂಡರು. "ಗಿರಜವ್ವಂದು ಎಲ್ಲಿ ರೊಕ್ಕ, ತಮ್ಮಾ? ಆಕೀ ಸೀಟು ಸಂಕ್ರಾಂತಿಗೇ ಆಗೇತಲ್ಲ! ಬಾ ಒಳಗ, ನೋಡು."

ಒಳಗೆ ನೋಡಿದೆ. ನಡುಮನೆಯಲ್ಲಿ ಗೋಡೆಯುದ್ದಕ್ಕೂ ಬಿದಿರಿನ ಬುಟ್ಟಿಗಳು. ಬುಟ್ಟಿಯ ತುಂಬ ಬಿಳಿಯ ಬಟ್ಟೆ ಸುತ್ತಿದ ಖಡಕ್ ರೊಟ್ಟಿ! ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು. ಕಾಗದದಷ್ಟು ತೆಳು, ಒಂದೂ ಮುರಿದಿಲ್ಲ. ಪಕ್ಕದಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಡಬ್ಬಿಗಳು. ಇಪ್ಪತ್ತನಾಲ್ಕು ಮಂದಿಗೆ ಹನ್ನೆರಡು ದಿನದ ಊಟ.

"ದಾರ್‍ಯಾಗ ಹೊರಗಿನ ಊಟ ಅಂದ್ರ ಎಲ್ಲಾರಿಗೂ ಖರ್ಚು ಬರ್ತಿತ್ತು" ಎಂದರು ಶಾರದಕ್ಕ. "ಗಿರಜವ್ವ ಅಂದಳು, ಜ್ವಾಳ ನೀವು ಕೊಡ್ರಿ, ರೊಟ್ಟಿ ನಾ ಬಡೀತೇನಿ, ನನ್ನ ಸೀಟಿನ ರೊಕ್ಕ ನೀವೆಲ್ಲಾ ಕೂಡಿ ಹಾಕ್ರಿ ಅಂತ. ಎಲ್ಲಾರಿಗೂ ಉಳೀತು, ಆಕೀದೂ ಆತು. ಎರಡು ತಿಂಗಳು ದಿನಾ ಮಧ್ಯಾಹ್ನ ಇಲ್ಲೇ ಒಲಿ ಮುಂದ ಕುಂತಾಳ. ನಿನಗ ಹೇಳಿಲ್ಲೇನು?"

ನಾನು ಮಧ್ಯಾಹ್ನದ ಅವಳ ಗೈರುಹಾಜರಿಯನ್ನು ಹರಟೆ ಎಂದು ತಿಳಿದಿದ್ದೆ. ಒಂದು ಸಲ ಹೊತ್ತಿನ ಮಿತವ್ಯಯದ ಮೇಲೆ ಉಪನ್ಯಾಸವನ್ನೂ ಕೊಟ್ಟಿದ್ದೆ.

ಮನೆಗೆ ಬಂದು ಕೇಳಿದೆ. "ನಿನ್ನ ಸೀಟು ಆಗಿದ್ರ ನಾವು ಉಳಿಸಿದ ರೊಕ್ಕ ಯಾರ ಟಿಕೀಟಿಗೆ?"

ಗಿರಿಜಾ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮದಕ್ಕ."

ನಾನು ಅವಳೆದುರು ನೆಲದ ಮೇಲೆ ಕುಳಿತೆ.

"ಅವತ್ತ ಹೇಳಾಕ ಬಂದಿದ್ದೆ. ನೀವು ಕೈ ಎತ್ತಿ ತಡದ್ರಿ. ಆಮ್ಯಾಲ ಅಂದ್ಕೊಂಡೆ, ಹೇಳಿದ್ರ ನೀವು 'ನನಗ್ಯಾಕ, ದಂಡ' ಅಂತ ಬ್ಯಾಡ ಅಂತೀರಿ. ಟಿಕೀಟು ಕೈಗೆ ಬಂದ ಮ್ಯಾಲ ಹೇಳೂಣು ಅಂತ ಸುಮ್ಮನಾದೆ. ಇಪ್ಪತ್ತೆರಡು ವರ್ಷ ಆತು, ಇಬ್ಬರೂ ಕೂಡಿ ಎಲ್ಲಿಗೂ ಹೋಗಿಲ್ಲಲ್ರಿ." ಸೊಪ್ಪಿನ ಕಡ್ಡಿಯನ್ನು ಬದಿಗಿಟ್ಟು ನಕ್ಕಳು. "ಇರ್‍ಲಿ ಬಿಡ್ರಿ. ಈಗ ಸೀಟೂ ತುಂಬ್ಯಾವು. ನೀವ ಗಳಿಸಿದ್ರಿ, ನೀವ ಉರಿಸಿದ್ರಿ."

ಎರಡು ಚೀಲ ತೊಟ್ಟು ಪುಕ್ಕಟೆ ಎಂದುಕೊಂಡಿದ್ದೆನಲ್ಲ! ನಾನು ಒಲೆಗೆ ಹಾಕಿ ಊದಿದ್ದು ನನ್ನದೇ ಕಾಶಿಯನ್ನು. ಆ ದಿನ ನನಗೆ ಊಟ ಸೇರಲಿಲ್ಲ. ಬೇಜಾರು ಟಿಕೆಟ್ಟಿನದಲ್ಲ. ರೈಲಿನಲ್ಲಿ ತನ್ನ ಪಕ್ಕ ನಾನು ಕುಳಿತಿರಬೇಕೆಂದು ಒಬ್ಬಳು ಎರಡು ತಿಂಗಳು ಆಸೆಪಟ್ಟು ಬೆಂಕಿಯ ಮುಂದೆ ಕುಳಿತಿದ್ದಳು, ನನಗೆ ಅದರ ಸುಳಿವೂ ಇರಲಿಲ್ಲ ಎಂಬುದರದು.

ಹೊ‌ರಡುವ ದಿನ ಹಸನಸಾಬರೂ ನಾನೂ ರೊಟ್ಟಿಯ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ಸಾಗಿಸಿದೆವು. ಒಂದು ರೊಟ್ಟಿಯೂ ಮುರಿಯದಂತೆ ನಡೆದದ್ದು ಆ ಎರಡು ತಿಂಗಳಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ. ಗಿರಿಜಾ ಕಿಟಕಿಯ ಪಕ್ಕ ಕುಳಿತು ಕೈ ಬೀಸಿದಳು. ಗಾಡಿ ಕಾಣದಾಗುವವರೆಗೆ ನಿಂತಿದ್ದೆ.

ಮನೆಗೆ ಬಂದು ಅಡುಗೆಮನೆ ಹೊಕ್ಕರೆ ನನ್ನ ಹನ್ನೆರಡು ದಿನದ ರೊಟ್ಟಿ, ಚಟ್ನಿ ಡಬ್ಬಿಯಲ್ಲಿ ತಯಾರಿತ್ತು. ಬಾಗಿಲ ಮೇಲಿನ ಸೂತ್ರಗಳ ಪೋಸ್ಟರು ಮಾಯವಾಗಿತ್ತು. ಅದರೊಂದಿಗೆ ಮನೆಯಲ್ಲಿದ್ದ ಕಡ್ಡಿಪೆಟ್ಟಿಗೆಗಳೂ ಗ್ಯಾಸಿನ ಲೈಟರೂ ಮಾಯವಾಗಿದ್ದವು. ನೆರೆಮನೆಗೆ ಹೋಗಿ ಕೇಳಿದೆ.

"ನಮ್ಮ ಕಡೆ ಕೊಟ್ಟು ಹೋಗ್ಯಾರ್ರಿ ಅಣ್ಣಾರ" ಎಂದಳು ಮೆಹಬೂಬಿ, ನಗು ತಡೆದುಕೊಳ್ಳುತ್ತ. "ಹೊತ್ತಿಗೆ ಸರಿಯಾಗಿ ಇವರು ಬಂದು ಹಚ್ಚಿ ಕೊಡ್ತಾರ. ನಿಮ್ಮ ಕೈಗೆ ಮಾತ್ರ ಕೊಡಬ್ಯಾಡ ಅಂತ ಗಿರಜಕ್ಕ ಆಣೀ ಹಾಕಿಸ್ಯಾರ."

ಹಾಗೆಯೇ ನಡೆಯಿತು. ಹಸನಸಾಬರು ದಿನಕ್ಕೆ ಎರಡು ಸಲ ಬಂದು ಒಲೆ ಹಚ್ಚಿ, ಸಂಜೆ ದೇವರ ದೀಪ ಹಚ್ಚಿ, ಕಡ್ಡಿಪೆಟ್ಟಿಗೆಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಐದನೆಯ ದಿನ ಮುಸ್ಸಂಜೆ ಗಿರಿಜಾ ಕಾಶಿಯಿಂದ ವಿಡಿಯೋ ಕಾಲ್ ಮಾಡಿದಳು. ಹಿಂದೆ ಗಂಗೆ, ಮೆಟ್ಟಿಲು, ಸಾಲು ದೀಪ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂದೂ ನೋಡಿರಲಿಲ್ಲ.

"ನಿಮ್ಮ ಹೆಸರಿಲೆ ಒಂದು ಮುಳುಗು ಹಾಕೇನ್ರಿ" ಎಂದಳು. "ನೀವು ಇದ್ದಿದ್ರ ಭಾಳ ಚಲೋ ಇತ್ತು."

ಫೋನನ್ನು ಮುಖದ ಹತ್ತಿರ ತಂದುಕೊಂಡು ತಲೆಯಾಡಿಸಿದೆ.

"ಅಲ್ಲೆ ಹೊತ್ತು ಮುಳುಗೇತಲ್ರಿ. ದೇವರ ಮುಂದ ದೀಪಾ ಹಚ್ಚಿದ್ರೇನು?"

"ಇಲ್ಲ" ಎಂದೆ. "ಹಸನಸಾಬರು ಇನ್ನೂ ಬಂದಿಲ್ಲ."